ಕುಗ್ಗಿದ್ದು ಯಾವ ನಕ್ಷತ್ರದ ಬೆಳಕು? ಕೊಡಗಿನ ಒಂದು ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಬಾಹ್ಯಾಕಾಶ ದೂರದರ್ಶಕಗಳು ಕಳಿಸುವ ದತ್ತಾಂಶದ ಬಹುಪಾಲು ಇಂದು ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಆದ್ದರಿಂದ ವೀಕ್ಷಣಾಲಯವಿಲ್ಲದ, ವರ್ಷದ ಮೂರ್ನಾಲ್ಕು ತಿಂಗಳು ಆಕಾಶವೇ ಕಾಣದ ಕೊಡಗಿನಂಥ ಜಿಲ್ಲೆಯಲ್ಲಿ ಕುಳಿತೂ ಬೇರೊಂದು ಸೂರ್ಯನ ಗ್ರಹವನ್ನು ಹುಡುಕಬಹುದು. 2022ರಲ್ಲಿ ಇಲ್ಲಿನ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ ಎಲ್ಲ ರೀತಿಯಲ್ಲೂ ಗ್ರಹದಂತೆ ಕಾಣುವ ಸಂಕೇತವೊಂದು ಸಿಕ್ಕಿತು. ಕೆಲವು ತಿಂಗಳ ನಂತರ ಅದು ಗ್ರಹವಲ್ಲವೆಂದು ಆಕೆಯೇ ಸಾಧಿಸಿ ತೋರಿಸಿದಳು. ಆ ಪ್ರಾಜೆಕ್ಟಿಗೆ ಸಹಮಾರ್ಗದರ್ಶಕನಾಗಿದ್ದ ನಾನು, ಆಕೆಯ ಒಪ್ಪಿಗೆ ಪಡೆದು, ಇಂಥದೇ ಕೆಲಸಕ್ಕೆ ಕೈಹಾಕುವ ಬೇರೆ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಕಾಲೇಜು, ನಕ್ಷತ್ರದ ಕ್ಯಾಟಲಾಗ್ ಸಂಖ್ಯೆ ಯಾವುದನ್ನೂ ಕೊಟ್ಟಿಲ್ಲ. ಅಳತೆಗಳನ್ನು ತುಸು ಬದಲಿಸಿದ್ದೇನೆ, ಆದರೆ ಅವುಗಳ ನಡುವಿನ ಅನುಪಾತವನ್ನು ಹಾಗೆಯೇ ಉಳಿಸಿದ್ದೇನೆ.

ಹಿನ್ನೆಲೆ

ವಿದ್ಯಾರ್ಥಿನಿಯ ಮನೆ ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಒಳಗಿದೆ. ತೋಟದ ಮನೆಗಳಲ್ಲಿ ರೂಢಿಯಿರುವಂತೆ ಅಲ್ಲಿಯೂ ಪ್ರತಿದಿನ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮಳೆ ಬಾರದ ದಿನ ಸೊನ್ನೆಯನ್ನೂ ಬರೆಯುತ್ತಾರೆ. ದಿನಾಂಕ ಹಾಕಿ ಎಲ್ಲವನ್ನೂ ದಾಖಲಿಸುವ ಈ ಶಿಸ್ತು ಆಕೆಯ ಪ್ರಾಜೆಕ್ಟ್ ಪುಸ್ತಕದಲ್ಲೂ ಇತ್ತು, ಮುಂದೆ ಅದು ಬಹಳ ಉಪಯೋಗಕ್ಕೆ ಬಂತು.

ಆಕೆಯ ಮೊದಲ ಆಸೆ ನಮ್ಮದೇ ಆದ ಆಸ್ಟ್ರೋಸ್ಯಾಟ್‌ನ ದತ್ತಾಂಶದ ಮೇಲೆ ಕೆಲಸ ಮಾಡುವುದಾಗಿತ್ತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆ ವೀಕ್ಷಣಾಲಯದ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದಲ್ಲಿ ಸಂಗ್ರಹವಾಗುತ್ತದೆ. ಆದರೆ ಆಕೆಗೆ ಆಸಕ್ತಿಯಿದ್ದದ್ದು ಒಂದೇ ನಕ್ಷತ್ರದ ಬೆಳಕನ್ನು ವಾರಗಟ್ಟಲೆ ಬಿಡದೆ ಹಿಂಬಾಲಿಸುವುದರಲ್ಲಿ. ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು ನಾಸಾದ ಟೆಸ್. 2018ರ ಏಪ್ರಿಲ್ 18ರಂದು ಉಡಾವಣೆಯಾದ ಈ ದೂರದರ್ಶಕದಲ್ಲಿ ನಾಲ್ಕು ಕ್ಯಾಮೆರಾಗಳಿವೆ, ಒಂದೊಂದರ ಮಸೂರದ ತೆರಪು ಕೇವಲ 10.5 ಸೆಂಟಿಮೀಟರ್. ನಾಲ್ಕೂ ಸೇರಿ ಆಕಾಶದ 24 ಡಿಗ್ರಿ ಅಗಲ, 96 ಡಿಗ್ರಿ ಉದ್ದದ ಪಟ್ಟಿಯೊಂದನ್ನು ಸುಮಾರು 27 ದಿನ ನೋಡುತ್ತವೆ, ಬಳಿಕ ಮುಂದಿನ ಪಟ್ಟಿಗೆ ಹೊರಳುತ್ತವೆ. ಉತ್ತರ ಆಕಾಶದ ಸರದಿ 2019ರ ಜುಲೈಯಲ್ಲಿ ಶುರುವಾಯಿತು. ಆಗ ಪೂರ್ಣ ಚಿತ್ರಗಳು 30 ನಿಮಿಷಕ್ಕೊಂದರಂತೆ ಬರುತ್ತಿದ್ದವು; 2020ರ ಜುಲೈ ನಂತರದ ವಿಸ್ತರಿತ ಅವಧಿಯಲ್ಲಿ 10 ನಿಮಿಷಕ್ಕೊಂದರಂತೆ ಬಂದವು.

ಪೂರ್ಣ ಚಿತ್ರಗಳನ್ನು ಇಳಿಸಿಕೊಳ್ಳುವುದು ನಮ್ಮ ಇಂಟರ್ನೆಟ್ಟಿಗೆ ಆಗದ ಮಾತು. ಆದರೆ ಬೇಕಾದ ನಕ್ಷತ್ರದ ಸುತ್ತಲಿನ 15 ಪಿಕ್ಸೆಲ್ ಚೌಕವನ್ನಷ್ಟೇ ಕತ್ತರಿಸಿ ಕೊಡುವ ಸೌಲಭ್ಯವನ್ನು ನಾಸಾದ ಸಂಗ್ರಹಾಗಾರವೇ ಒದಗಿಸುತ್ತದೆ. 27 ದಿನದ ಕತ್ತರಿಕೆ ಕೆಲವೇ ಎಂಬಿ ಆಗುತ್ತದೆ. ಮೊದಲು ಆಕೆ ಬ್ರೌಸರ್‌ನಲ್ಲೇ ನಡೆಯುವ ಉಚಿತ ಪೈಥಾನ್ ಸೇವೆಯನ್ನು ಬಳಸಿದಳು. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ನಿಲ್ಲುವ ಊರಿನಲ್ಲಿ ಅದು ನಡೆಯಲಿಲ್ಲ. ಕಾಲೇಜಿನಲ್ಲಿ ಕತ್ತರಿಕೆಗಳನ್ನು ಇಳಿಸಿಕೊಂಡು, ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದೆ ಕೆಲಸ ಮಾಡುವುದೆಂದು ಫೆಬ್ರವರಿಯಲ್ಲೇ ತೀರ್ಮಾನಿಸಿದೆವು. ಜೂನ್‌ನಲ್ಲಿ ಮರ ಬಿದ್ದು ಲೈನ್ ಕಡಿದುಹೋದ ದಿನಗಳಲ್ಲೂ, ಬ್ಯಾಟರಿ ಇದ್ದಷ್ಟು ಹೊತ್ತು ಕೆಲಸ ನಡೆದದ್ದು ಈ ತೀರ್ಮಾನದಿಂದ.

ಹುಡುಕಾಟಕ್ಕೆ ಆರಿಸಿಕೊಂಡದ್ದು ರಾಜಹಂಸ ನಕ್ಷತ್ರಪುಂಜದ ಒಂದು ಭಾಗವನ್ನು. 2019ರಲ್ಲಿಯೂ 2021ರಲ್ಲಿಯೂ ಟೆಸ್ ಅದನ್ನು ನೋಡಿತ್ತು ಎಂಬುದು ಈ ಆಯ್ಕೆಗೆ ಒಳ್ಳೆಯ ಕಾರಣವೇ ಆಗಿತ್ತು. ಆದರೆ ಕ್ಷೀರಪಥದ ಪಟ್ಟಿ ಆ ಭಾಗದ ಮೇಲೆಯೇ ಹಾಯ್ದು ಹೋಗುವುದರಿಂದ ಅಲ್ಲಿ ನಕ್ಷತ್ರಗಳ ದಟ್ಟಣೆ ವಿಪರೀತ.

ಸಿಕ್ಕಿದ ಸಂಕೇತ

ತನ್ನ ನಕ್ಷತ್ರದ ಮುಂದೆ ಗ್ರಹವೊಂದು ಹಾದುಹೋದಾಗ ನಮಗೆ ತಲುಪುವ ಬೆಳಕು ಒಂದಿಷ್ಟು ಕುಗ್ಗುತ್ತದೆ, ಪ್ರತಿ ಸುತ್ತಿಗೂ ಅದೇ ಅವಧಿಯಲ್ಲಿ ಮರುಕಳಿಸುತ್ತದೆ. ನಮ್ಮ ಸೂರ್ಯನ ಮುಂದೆ ಗುರು ಹಾದರೆ ಸುಮಾರು ಶೇ. 1ರಷ್ಟು, ಭೂಮಿ ಹಾದರೆ ಶೇ. 0.01ಕ್ಕೂ ಕಡಿಮೆ. ಇಂಥ ಮರುಕಳಿಸುವ ಚೌಕಾಕಾರದ ತಗ್ಗುಗಳನ್ನು ಹುಡುಕಲು 2002ರಿಂದ ಬಳಕೆಯಲ್ಲಿರುವ ಗಣಿತ ವಿಧಾನವೊಂದಿದೆ. ಮಾರ್ಚ್‌ನಲ್ಲಿ, ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿದ್ದ ವಾರ, ಆಕೆ 11ನೆಯ ಕಾಂತಿಮಾನದ (ಈ ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂದ) ನಕ್ಷತ್ರವೊಂದರ ಮೇಲೆ ಅದನ್ನು ಓಡಿಸಿದಾಗ 2.31 ದಿನಕ್ಕೊಮ್ಮೆ ಬರುವ, ಸುಮಾರು ಮೂರು ಗಂಟೆ ಇರುವ, ಶೇ. 0.9 ಆಳದ ತಗ್ಗು ಎದ್ದು ಕಂಡಿತು.

ಶೇ. 0.9ರ ವರ್ಗಮೂಲ ತೆಗೆದರೆ ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಹತ್ತರಲ್ಲಿ ಒಂದು ಪಾಲಿನಷ್ಟಾಗುತ್ತದೆ. ನಕ್ಷತ್ರ ಸೂರ್ಯನಿಗಿಂತ ತುಸು ದೊಡ್ಡದು. ಲೆಕ್ಕ ಹಾಕಿದರೆ ಗ್ರಹ ಹೆಚ್ಚುಕಡಿಮೆ ಗುರುವಿನಷ್ಟೇ. ಎರಡೂಕಾಲು ದಿನದಲ್ಲಿ ತನ್ನ ಸೂರ್ಯನನ್ನು ಸುತ್ತುವ ಬಿಸಿ ಗುರು! ಹಿಂದಿನ ವರ್ಷವಷ್ಟೇ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ತಂಡ, ಟೆಸ್ ಗುರುತಿಸಿದ್ದ ಟಿಒಐ 1789 ಎಂಬ ನಕ್ಷತ್ರವನ್ನು ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕದ ಪಾರಸ್ ರೋಹಿತಮಾಪಕದಿಂದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) ಪರೀಕ್ಷಿಸಿ, 3.2 ದಿನಕ್ಕೊಮ್ಮೆ ಅದನ್ನು ಸುತ್ತುವ ಗ್ರಹವನ್ನು ಪ್ರಕಟಿಸಿತ್ತು. ಆ ಸುದ್ದಿ ಆಕೆಗೆ ಗೊತ್ತಿತ್ತು. ತನ್ನದೂ ಹಾಗೆಯೇ ಆಗಬಹುದೆಂದು ಆಕೆ ಆಶಿಸಿದ್ದರಲ್ಲಿ ಅಸಹಜವಾದದ್ದೇನೂ ಇಲ್ಲ.

ಆದರೂ ಈ ಹಂತದಲ್ಲಿ ಮಾರ್ಗದರ್ಶಕಿ ಮೇಡಂ ಒಂದು ಮಾತನ್ನು ಪ್ರಾಜೆಕ್ಟ್ ಪುಸ್ತಕದಲ್ಲಿ ಬರೆಸಿದರು: ಇನ್ನು ಮುಂದೆ ಮಾಡುವ ಪ್ರತಿ ಪರೀಕ್ಷೆಯೂ ಈ ಸಂಕೇತವನ್ನು ಕೆಡವುವುದಕ್ಕೆ, ಉಳಿಸಿಕೊಳ್ಳುವುದಕ್ಕಲ್ಲ. ಸೂರ್ಯನಂಥ ನಕ್ಷತ್ರಗಳಲ್ಲಿ ಬಿಸಿ ಗುರು ಇರುವುದು ನೂರಕ್ಕೆ ಒಂದರಲ್ಲಿ, ಬಹುಶಃ ಅದಕ್ಕಿಂತಲೂ ಕಡಿಮೆ. ಅವುಗಳಲ್ಲೂ ಕಕ್ಷೆ ನಮ್ಮ ಕಣ್ಣಿಗೆ ನೇರವಾಗಿ ಬರುವುದು ಕೆಲವದು ಮಾತ್ರ. ಅಂಥ ಅಪರೂಪದ್ದು ಮೊದಲ ಹುಡುಕಾಟದಲ್ಲೇ ಸಿಕ್ಕಿತೆಂದರೆ ಅನುಮಾನಿಸುವುದೇ ವಿವೇಕ.

ಮೊದಲ ತಿರುವು

ಮೊದಲ ಪರೀಕ್ಷೆ ಸಂಕೇತವನ್ನು ಕೆಡವಲಿಲ್ಲ. ಬೆಸ ಸಂಖ್ಯೆಯ ತಗ್ಗುಗಳನ್ನೂ ಸಮ ಸಂಖ್ಯೆಯ ತಗ್ಗುಗಳನ್ನೂ ಬೇರೆಬೇರೆಯಾಗಿ ಸರಾಸರಿ ತೆಗೆದು ನೋಡಿದರೆ ಗ್ರಹದ ಪ್ರಕರಣದಲ್ಲಿ ಎರಡೂ ಒಂದೇ ಆಳ ಬರಬೇಕು. ಪರಸ್ಪರ ಮರೆಮಾಡುವ ಎರಡು ನಕ್ಷತ್ರಗಳಾದರೆ, ಅಂದರೆ ಗ್ರಹಣ ಯಮಳವಾದರೆ, ಸಾಮಾನ್ಯವಾಗಿ ಒಂದು ಆಳ ಹೆಚ್ಚು, ಮತ್ತೊಂದು ಕಡಿಮೆ. 2019ರ ದತ್ತಾಂಶದಲ್ಲಿ ಬೆಸ ತಗ್ಗು ಶೇ. 0.92, ಸಮ ತಗ್ಗು ಶೇ. 0.87 ಬಂತು, ಆದರೆ ಅಳತೆಯ ದೋಷದ ಮಿತಿ ಆ ವ್ಯತ್ಯಾಸದಷ್ಟೇ ಇತ್ತು. ‘ವ್ಯತ್ಯಾಸವಿಲ್ಲ’ ಎಂದು ಬರೆಯುವ ಬದಲು ಆಕೆ ‘ಹೇಳಲಾಗದು’ ಎಂದು ಬರೆದಳು. ಈ ಒಂದು ಪದದ ಆಯ್ಕೆಯನ್ನು ನಾನು ಇಡೀ ಪ್ರಾಜೆಕ್ಟಿನ ಉತ್ತಮ ನಿರ್ಧಾರಗಳಲ್ಲಿ ಎಣಿಸುತ್ತೇನೆ, ಏಕೆಂದರೆ ಎರಡು ತಿಂಗಳ ನಂತರ ಅದೇ ಪುಟಕ್ಕೆ ಮರಳುವ ದಾರಿಯನ್ನು ಅದು ತೆರೆದಿಟ್ಟಿತು.

ನಿಜವಾದ ತಿರುವು ಬಂದದ್ದು ಏಪ್ರಿಲ್‌ನಲ್ಲಿ, ಶುಭಸೂಚನೆಯಂತೆ ಕಂಡ ಒಂದು ಫಲಿತಾಂಶದಿಂದ. ನಕ್ಷತ್ರದ ಬೆಳಕನ್ನು ಅಳೆಯುವಾಗ ಅದರ ಸುತ್ತಲಿನ ಕೆಲವು ಪಿಕ್ಸೆಲ್‌ಗಳನ್ನು ಆರಿಸಿ ಅವುಗಳ ಮೊತ್ತ ತೆಗೆಯುತ್ತಾರೆ. ಆಕೆ ಎರಡು ಪಿಕ್ಸೆಲ್ ಚೌಕದ ಬದಲು ನಾಲ್ಕು ಪಿಕ್ಸೆಲ್ ಚೌಕವನ್ನು ಆರಿಸಿದಾಗ ತಗ್ಗಿನ ಆಳ ಶೇ. 0.6ರಿಂದ ಶೇ. 0.9ಕ್ಕೆ ಏರಿ ರೇಖೆ ಇನ್ನಷ್ಟು ಸ್ಪಷ್ಟವಾಗಿತ್ತು. ಮುದ್ರಿಸಿ ತಂದ ಹಾಳೆಯ ಮೇಲೆ ‘ಸಂಕೇತ ಬಲಗೊಂಡಿದೆ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಮೇಡಂ ಆ ಹಾಳೆಯನ್ನು ಬಹಳ ಹೊತ್ತು ನೋಡಿ, “ಚೌಕ ದೊಡ್ಡದಾದರೆ ಆಳ ಯಾಕೆ ಜಾಸ್ತಿ ಆಗಬೇಕು, ಹೇಳು ನೋಡೋಣ” ಎಂದರು.

ಪ್ರಶ್ನೆ ಸರಳವಾದದ್ದು. ತಗ್ಗು ನಡುವಿನ ನಕ್ಷತ್ರದ್ದೇ ಆಗಿದ್ದರೆ, ಚೌಕ ಹಿಗ್ಗಿದಂತೆ ಅಕ್ಕಪಕ್ಕದ ನಕ್ಷತ್ರಗಳ ಬೆಳಕು ಬೆರೆತು ತಗ್ಗಿನ ಪಾಲು ಕಡಿಮೆಯಾಗಬೇಕು, ಹೆಚ್ಚೆಂದರೆ ಇದ್ದಷ್ಟೇ ಇರಬೇಕು. ಹೆಚ್ಚಾಗುತ್ತದೆಂದರೆ ಕುಗ್ಗುತ್ತಿರುವ ಬೆಳಕು ಚೌಕದ ಅಂಚಿನಿಂದ ಒಳಬರುತ್ತಿದೆ ಎಂದರ್ಥ.

ಟೆಸ್‌ನ ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ ಅಗಲ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು). ಹುಣ್ಣಿಮೆ ಚಂದ್ರನ ವ್ಯಾಸ ಸುಮಾರು 1,800 ಆರ್ಕ್‌ಸೆಕೆಂಡ್ ಎಂದು ನೆನೆದರೆ ಇದು ಸಣ್ಣದೆನಿಸಬಹುದು, ಆದರೆ ಹಿಂದಿನ ಕೆಪ್ಲರ್ ದೂರದರ್ಶಕದ ಪಿಕ್ಸೆಲ್ ಸುಮಾರು 4 ಆರ್ಕ್‌ಸೆಕೆಂಡ್ ಮಾತ್ರ ಇತ್ತು. ಇಡೀ ಆಕಾಶವನ್ನು ಬೇಗ ನೋಡಿ ಮುಗಿಸಬೇಕೆಂದರೆ ಕ್ಯಾಮೆರಾದ ನೋಟ ಅಗಲವಾಗಿರಬೇಕು. ಅದಕ್ಕೆ ತೆತ್ತ ಬೆಲೆ ಈ ದೊಡ್ಡ ಪಿಕ್ಸೆಲ್. ಎದುರು ಗುಡ್ಡದ ತೋಟದಲ್ಲಿ ಹತ್ತಿರಹತ್ತಿರ ಇರುವ ಎರಡು ಮನೆಗಳ ದೀಪ ರಾತ್ರಿ ಈಚೆ ಗುಡ್ಡದವರಿಗೆ ಒಂದೇ ಬೆಳಕಾಗಿ ಕಾಣುವಂತೆ, ಹತ್ತಿರದ ಹಲವು ನಕ್ಷತ್ರಗಳು ಟೆಸ್‌ಗೆ ಒಂದೇ ಆಗಿ ಕಾಣುತ್ತವೆ.

ಮುಂದಿನ ಪರೀಕ್ಷೆಯನ್ನು ಆಕೆ ತಾನಾಗಿ ಸೂಚಿಸಿದಳು. ತಗ್ಗಿನ ಹೊತ್ತಿನ ಎಲ್ಲ ಚಿತ್ರಗಳ ಸರಾಸರಿಯನ್ನು, ತಗ್ಗಿಲ್ಲದ ಹೊತ್ತಿನ ಸರಾಸರಿಯಿಂದ ಪಿಕ್ಸೆಲ್ ಪಿಕ್ಸೆಲ್ ಕಳೆದು ‘ವ್ಯತ್ಯಾಸ ಚಿತ್ರ’ ತೆಗೆದಳು. ಬದಲಾಗದ ಬೆಳಕೆಲ್ಲ ರದ್ದಾಗಿ, ಎಲ್ಲಿ ಬೆಳಕು ಕಳೆದಿದೆಯೋ ಅಲ್ಲಿ ಮಾತ್ರ ಗುರುತು ಉಳಿಯುತ್ತದೆ. 15 ಪಿಕ್ಸೆಲ್ ಚೌಕದ ಬೂದು ಹಾಸಿನಲ್ಲಿ ಒಂದೇ ಕಡೆ ಪ್ರಖರವಾದ ಕಲೆ ಮೂಡಿತು. ನಮ್ಮ ನಕ್ಷತ್ರ ಇದ್ದದ್ದು ಚೌಕದ ನಟ್ಟನಡುವೆ. ಕಲೆ ಇದ್ದದ್ದು ಅಲ್ಲಿಂದ ಸುಮಾರು ಒಂದೂವರೆ ಪಿಕ್ಸೆಲ್ ಈಶಾನ್ಯಕ್ಕೆ. ಯುರೋಪಿನ ಗಾಯಾ ದೂರದರ್ಶಕದ ಕ್ಯಾಟಲಾಗ್ ತೆರೆದರೆ ಅದೇ ದಿಕ್ಕಿನಲ್ಲಿ, 30 ಆರ್ಕ್‌ಸೆಕೆಂಡ್ ದೂರದಲ್ಲಿ 15ನೆಯ ಕಾಂತಿಮಾನದ ಮಂದ ನಕ್ಷತ್ರವೊಂದು ಇತ್ತು.

ಉಳಿದದ್ದು ಕಾಗದದ ಮೇಲಿನ ಲೆಕ್ಕ. ನಾಲ್ಕು ಕಾಂತಿಮಾನದ ಅಂತರವೆಂದರೆ ಬೆಳಕಿನಲ್ಲಿ ಸುಮಾರು 40 ಪಟ್ಟು ವ್ಯತ್ಯಾಸ. ಎರಡೂ ಸೇರಿ 41 ಪಾಲು ಬೆಳಕಿದ್ದು ಅದರಲ್ಲಿ ಶೇ. 0.9 ಕಡಿಮೆಯಾಗಬೇಕಾದರೆ, ಒಂದು ಪಾಲಿನ ಆ ಮಂದ ನಕ್ಷತ್ರ ತನ್ನ ಬೆಳಕಿನ ಶೇ. 37ರಷ್ಟನ್ನು ಕಳೆದುಕೊಳ್ಳಬೇಕು. ಯಾವ ಗ್ರಹವೂ ಮಾಮೂಲಿ ನಕ್ಷತ್ರವೊಂದನ್ನು ಅಷ್ಟು ಮರೆಮಾಡಲಾರದು. ಹೆಚ್ಚುಕಡಿಮೆ ಸಮಾನವಾದ ಎರಡು ನಕ್ಷತ್ರಗಳು ಭಾಗಶಃ ಒಂದನ್ನೊಂದು ಮರೆಮಾಡಿದರೆ ಇಷ್ಟಾಗುವುದು ತೀರಾ ಸಹಜ.

ಒಪ್ಪಿಕೊಳ್ಳಲು ಹಿಡಿದ ಕಾಲ

ಲೆಕ್ಕ ಮುಗಿದರೂ ವಿಷಯ ಅಲ್ಲಿಗೆ ಮುಗಿಯಲಿಲ್ಲ. ತೊಡಕು ಖಗೋಳದ್ದಲ್ಲ. ಆಕೆಯ ಚಿಕ್ಕಪ್ಪ ಸಂತೋಷದಿಂದ ಪರಿಚಯದ ವರದಿಗಾರರೊಬ್ಬರಿಗೆ ವಿಷಯ ತಿಳಿಸಿದ್ದರು. “ಸರ್, ಚಿಕ್ಕಪ್ಪ ಪೇಪರ್‌ನವರಿಗೆ ಹೇಳಿಬಿಟ್ಟಿದ್ದಾರೆ, ನಾಳೆ ಫೋಟೋ ತೆಗೆಯೋಕೆ ಬರ್ತಾರಂತೆ, ಏನು ಮಾಡಲಿ?” ಎಂದು ಆಕೆ ಫೋನ್ ಮಾಡಿದಾಗ ದನಿಯಲ್ಲಿ ಹೆಮ್ಮೆಯೂ ಭಯವೂ ಇತ್ತು. ವಿಭಾಗದಲ್ಲಿ ಕೆಲವರು, ‘ಗ್ರಹದ ಅಭ್ಯರ್ಥಿ, ಪರೀಕ್ಷೆ ಬಾಕಿ’ ಎಂದು ಹೇಳಿದರೆ ಸುಳ್ಳೇನೂ ಆಗುವುದಿಲ್ಲವಲ್ಲ ಎಂದರು. ನಾನು ಇದನ್ನು ಒಪ್ಪಲಿಲ್ಲ. ವ್ಯತ್ಯಾಸ ಚಿತ್ರ ಕೈಯಲ್ಲಿರುವಾಗ ‘ಪರೀಕ್ಷೆ ಬಾಕಿ’ ಎನ್ನುವುದು ಅರ್ಧ ಸತ್ಯ. ಸುದ್ದಿ ಅಚ್ಚಾದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಭಾರ ಬೀಳುವುದು ಇಪ್ಪತ್ತೆರಡು ವರ್ಷದ ಹುಡುಗಿಯ ಮೇಲೆ. ಆಕೆಯೇ ಚಿಕ್ಕಪ್ಪನ ಜೊತೆ ಹೋಗಿ, ಸಂಕೇತ ಬೇರೆ ನಕ್ಷತ್ರದ್ದೆಂದು ಕಾಣುತ್ತಿದೆ ಎಂದು ವರದಿಗಾರರಿಗೆ ವಿವರಿಸಿದಳು. ಅವರು ಅರ್ಥಮಾಡಿಕೊಂಡು ಸುದ್ದಿಯನ್ನು ಕೈಬಿಟ್ಟರು.

ಇನ್ನೊಂದು ತೊಡಕು ಪುರಾವೆಯದು. ವ್ಯತ್ಯಾಸ ಚಿತ್ರ ಬಲವಾದ ಸುಳಿವು, ಆದರೆ ಟೆಸ್‌ನ ದೊಡ್ಡ ಪಿಕ್ಸೆಲ್‌ಗಳಿಂದಲೇ ಬಂದದ್ದು. ಎರಡು ನಕ್ಷತ್ರಗಳನ್ನೂ ಬಿಡಿಬಿಡಿಯಾಗಿ ನೋಡಬಲ್ಲ ದೂರದರ್ಶಕದಿಂದ ಗ್ರಹಣದ ಹೊತ್ತಿಗೆ ನೋಡಿದರೆ ವಿವಾದವೇ ಉಳಿಯದು. ಟೆಸ್‌ನ ಅನುಸರಣಾ ವೀಕ್ಷಣೆಗಾಗಿ ಜಗತ್ತಿನಾದ್ಯಂತ ಇರುವ ಜಾಲದಲ್ಲಿ ಒಂದು ಉಪಗುಂಪು ನೆಲದ ಮೇಲಿನ ದೂರದರ್ಶಕಗಳಿಂದ ಮುಖ್ಯವಾಗಿ ಇದೇ ಕೆಲಸ ಮಾಡುತ್ತದೆ. ನೆಲದಿಂದ ಎರಡು ಮೂರು ಆರ್ಕ್‌ಸೆಕೆಂಡ್ ಅಂತರವನ್ನು ಬಿಡಿಸಿ ನೋಡಬಹುದು. 30 ಆರ್ಕ್‌ಸೆಕೆಂಡ್ ಎಂದರೆ ಧಾರಾಳವಾಯಿತು.

ಆದರೆ ರಾಜಹಂಸ ನಡುರಾತ್ರಿ ನೆತ್ತಿಯ ಹತ್ತಿರ ಬರುವುದು ಜುಲೈ, ಆಗಸ್ಟ್‌ನಲ್ಲಿ. ಆ ತಿಂಗಳುಗಳಲ್ಲಿ ಕೊಡಗಿನಲ್ಲಿ ನಕ್ಷತ್ರ ನೋಡುವ ಮಾತೇ ಇಲ್ಲ. ಮೇ ತಿಂಗಳಲ್ಲಿ ನಸುಕಿಗೆ ಮುಂಚೆ ಅದು ಮೇಲಿರುವುದರಿಂದ, ಬಯಲುಸೀಮೆಯಲ್ಲಿ ಎಂಟಿಂಚಿನ ದೂರದರ್ಶಕವೂ ಕ್ಯಾಮೆರಾವೂ ಇರುವ ಹವ್ಯಾಸಿಯೊಬ್ಬರನ್ನು ಕೇಳಿಕೊಂಡೆವು. ಗ್ರಹಣದ ಸಮಯವನ್ನು ಆಕೆ ಲೆಕ್ಕ ಹಾಕಿ ಕಳಿಸಿದಳು. ಅವರು ಎದ್ದು ಕಾದರು. ಮಂದ ನಕ್ಷತ್ರ ಪ್ರತ್ಯೇಕವಾಗಿ ಸ್ಪಷ್ಟವಾಗಿ ಕಂಡಿತು, ಆದರೆ ಗ್ರಹಣ ಆರಂಭವಾಗಬೇಕಾದ ಹೊತ್ತಿಗೆ ಮುಂಗಾರುಪೂರ್ವ ಮೋಡ ಕವಿದು ಕೆಲಸ ನಿಂತಿತು. ಮೋಡದಂಚಿನ ಕೊನೆಯ ಎರಡು ಚಿತ್ರಗಳಲ್ಲಿ ಆ ನಕ್ಷತ್ರ ತುಸು ಮಂಕಾದಂತಿತ್ತು. ಅದನ್ನು ಪುರಾವೆಯೆಂದು ತೆಗೆದುಕೊಳ್ಳಬಾರದೆಂದು ಮೇಡಂ ಕಡ್ಡಾಯ ಮಾಡಿದರು, ಅದು ಸರಿಯೂ ಆಗಿತ್ತು: ನಮಗೆ ಬೇಕಾದ ಉತ್ತರ ಗ್ರಹದ ಕಡೆಗಿರಲಿ, ಯಮಳದ ಕಡೆಗಿರಲಿ, ಮೋಡವನ್ನು ಸಾಕ್ಷಿಗೆ ಕರೆಯುವುದು ತಪ್ಪು.

ಮಳೆಗಾಲದಲ್ಲಿ ಬಂದ ಉತ್ತರ

ಆಕಾಶ ಮುಚ್ಚಿದ ಮೇಲೆ ಉಳಿದದ್ದು ಸಂಗ್ರಹಾಗಾರ ಮಾತ್ರ. ಆಕೆ 2021ರ ದತ್ತಾಂಶಕ್ಕೆ ಹೋದಳು. 10 ನಿಮಿಷಕ್ಕೊಂದು ಚಿತ್ರವಿದ್ದುದರಿಂದ ಮೂರು ಗಂಟೆಯ ತಗ್ಗಿನಲ್ಲಿ ಆರರ ಬದಲು ಹದಿನೆಂಟು ಬಿಂದುಗಳಿದ್ದವು. ಹಿಂದೆ ಬುಡ ಚಪ್ಪಟೆಯಾದಂತೆ ಕಂಡಿದ್ದ ತಗ್ಗು ಈಗ ಚೂಪಾದ ಕಣಿವೆಯಾಗಿತ್ತು. ಗ್ರಹವೊಂದು ನಕ್ಷತ್ರದ ಅಂಚನ್ನು ಮಾತ್ರ ಸವರಿ ಹೋದರೂ ಹೀಗೆ ಕಾಣಬಹುದಾದ್ದರಿಂದ ಇದೊಂದೇ ಸಾಕಾಗದು. ಆದರೆ ‘ಹೇಳಲಾಗದು’ ಎಂದು ಬರೆದಿಟ್ಟಿದ್ದ ಪುಟಕ್ಕೆ ಮರಳಿ, ಎರಡೂ ವರ್ಷಗಳ ತಗ್ಗುಗಳನ್ನು ಸೇರಿಸಿ ಬೆಸ, ಸಮ ಸರಾಸರಿ ತೆಗೆದಾಗ ವ್ಯತ್ಯಾಸ ದೋಷದ ಮಿತಿಯನ್ನು ಸಾಕಷ್ಟು ಮೀರಿ ನಿಂತಿತು. ಅಂದರೆ ನಿಜವಾದ ಅವಧಿ 2.31 ದಿನವಲ್ಲ, ಅದರ ಎರಡರಷ್ಟು; ಒಂದು ಸುತ್ತಿನಲ್ಲಿ ಎರಡು ಗ್ರಹಣ.

2022ರ ಜೂನ್ 13ರಂದು ಗಾಯಾದ ಮೂರನೆಯ ದತ್ತಾಂಶ ಬಿಡುಗಡೆಯಾಯಿತು. 2013ರ ಡಿಸೆಂಬರ್‌ನಲ್ಲಿ ಹಾರಿದ ಗಾಯಾ ಸುಮಾರು 180 ಕೋಟಿ ನಕ್ಷತ್ರಗಳನ್ನು ಮತ್ತೆ ಮತ್ತೆ ಅಳೆದಿದೆ. ಅದರ ನೋಟ ಟೆಸ್‌ಗಿಂತ ಎಷ್ಟೋ ಪಾಲು ತೀಕ್ಷ್ಣವಾದ್ದರಿಂದ ನಮ್ಮ ಎರಡು ನಕ್ಷತ್ರಗಳೂ ಅದಕ್ಕೆ ಬೇರೆಬೇರೆಯೇ. ಆ ಬಿಡುಗಡೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಗ್ರಹಣ ಯಮಳಗಳ ಪಟ್ಟಿಯೂ ಇತ್ತು. ಮನೆಯಲ್ಲಿ ಕರೆಂಟಿಲ್ಲದ ದಿನಗಳು. ಆಕೆ ಪೇಟೆಗೆ ಬಂದು, ಮಂದ ನಕ್ಷತ್ರದ ಸ್ಥಾನವನ್ನು ಮೊಬೈಲಿನಲ್ಲೇ ಟೈಪ್ ಮಾಡಿ ಹುಡುಕಿದಳು. ಪಟ್ಟಿಯಿಂದ ಒಂದೇ ಒಂದು ಸಾಲು ಬಂತು: ಗ್ರಹಣ ಯಮಳ, ಅವಧಿ 4.62 ದಿನ. ಆಕೆಯ ಪುಸ್ತಕದಲ್ಲಿ ಅದಕ್ಕೆ ಕೆಲವು ದಿನ ಮೊದಲೇ ದಿನಾಂಕ ಹಾಕಿ ಬರೆದ ಅವಧಿಯೂ 4.62.

ಬೇರೊಂದು ದೂರದರ್ಶಕ, ಬೇರೊಂದು ವಿಧಾನ, ಬೇರೊಂದು ತಂಡ, ಅದೇ ಸಂಖ್ಯೆ. ಉತ್ತರ ನೋಡಿ ಲೆಕ್ಕ ಹೊಂದಿಸಿದ್ದಲ್ಲ ಎಂಬುದಕ್ಕೆ ಆ ದಿನಾಂಕವೇ ಸಾಕ್ಷಿ. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳಿದ್ದೂ ಇದನ್ನೇ.

ವರದಿ ಮತ್ತು ಅದರ ನಂತರ

ವರದಿಯನ್ನು ಹೇಗೆ ಬರೆಯಬೇಕೆಂಬ ಚರ್ಚೆ ಮತ್ತೊಮ್ಮೆ ನಡೆಯಿತು. ‘ಏನೂ ಸಿಗಲಿಲ್ಲ’ ಎಂಬ ವರದಿಗೆ ಅಂಕ ಬರುವುದಿಲ್ಲ, ವಿಷಯ ಬದಲಿಸುವುದು ಒಳ್ಳೆಯದು ಎಂಬ ಸಲಹೆಯೂ ಬಂತು. ಈ ಸಲಹೆ ನಮ್ಮ ಕಾಲೇಜುಗಳಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ಹಾನಿಕರವೆಂದು ನನ್ನ ಖಚಿತ ಅಭಿಪ್ರಾಯ. ಟೆಸ್ ಗುರುತಿಸಿದ ಸಾವಿರಾರು ಸಂಕೇತಗಳಲ್ಲಿ ನಿಜವಾದ ಗ್ರಹಗಳು ಬೇರ್ಪಡುವುದು, ಹುಸಿಯಾದವುಗಳನ್ನು ಯಾರೋ ತಾಳ್ಮೆಯಿಂದ ಕೆಡವಿದ್ದರಿಂದಲೇ. ಆಕೆ ಹುಸಿ ಸಂಕೇತವನ್ನೇ ಫಲಿತಾಂಶವಾಗಿಟ್ಟು, ಪರೀಕ್ಷೆಗಳನ್ನು ನಡೆದ ಅನುಕ್ರಮದಲ್ಲೇ ಬರೆದಳು. ಯಮಳ ಗಾಯಾದ ಪಟ್ಟಿಯಲ್ಲಿ ಆಗಲೇ ಇದ್ದುದರಿಂದ ಶೋಧದ ಹಕ್ಕು ಆಕೆಯದಲ್ಲ, ವರದಿಯ ಮೊದಲ ಪುಟದಲ್ಲೇ ಹಾಗೆಂದು ಹೇಳಿದ್ದಾಳೆ. ಆಕೆಯದೇ ಆದದ್ದು ಎರಡು: 2019 ಮತ್ತು 2021ರ ತಗ್ಗುಗಳನ್ನು ಒಟ್ಟಿಗೆ ಹೊಂದಿಸಿ ಅವಧಿಯನ್ನು ಇನ್ನಷ್ಟು ನಿಖರಗೊಳಿಸಿದ್ದು, ಬೆರೆತ ಬೆಳಕನ್ನು ಕಳೆದು ಎರಡು ಗ್ರಹಣಗಳ ನಿಜವಾದ ಆಳ ಸುಮಾರು ಶೇ. 38 ಮತ್ತು ಶೇ. 36 ಎಂದು ತೋರಿಸಿದ್ದು. ಎರಡು ಆಳಗಳು ಇಷ್ಟು ಹತ್ತಿರವಿವೆಯೆಂದರೆ ಜೋಡಿಯ ಎರಡೂ ನಕ್ಷತ್ರಗಳ ತಾಪ ಬಹುತೇಕ ಒಂದೇ.

ವಿಭಾಗದಲ್ಲಿ ಈಗ ಕೆಲಸದ ಕ್ರಮ ಬದಲಾಗಿದೆ. ಯಾವ ನಕ್ಷತ್ರವನ್ನು ಆರಿಸಿದರೂ ಅದರ ಸುತ್ತಲಿನ ಎರಡು ಆರ್ಕ್‌ಮಿನಿಟ್ (120 ಆರ್ಕ್‌ಸೆಕೆಂಡ್) ವೃತ್ತದಲ್ಲಿರುವ ಎಲ್ಲ ಗಾಯಾ ನಕ್ಷತ್ರಗಳ ಪಟ್ಟಿಯನ್ನು ಮೊದಲು ತೆಗೆದು, ಒಂದೊಂದೂ ಎಷ್ಟು ಆಳ ಕುಗ್ಗಿದರೆ ನಮ್ಮ ತಗ್ಗು ಬರಬಹುದೆಂದು ಲೆಕ್ಕ ಹಾಕಿದ ಮೇಲೆಯೇ ಲೈಟ್‌ಕರ್ವ್ (ಬೆಳಕಿನ ಏರಿಳಿತದ ರೇಖೆ) ತೆರೆಯುತ್ತೇವೆ. ಎರಡು ಅಳತೆಯ ಚೌಕಗಳಲ್ಲಿ ಆಳವನ್ನು ಹೋಲಿಸುವುದೂ ವ್ಯತ್ಯಾಸ ಚಿತ್ರ ತೆಗೆಯುವುದೂ ಮೊದಲ ವಾರದ ಕೆಲಸಗಳಾಗಿವೆ. ಇವಕ್ಕೆ ದೂರದರ್ಶಕ ಬೇಡ, ಒಳ್ಳೆಯ ಹವಾಮಾನ ಬೇಡ.

2022ರ ಸೆಪ್ಟೆಂಬರ್ ನಂತರ ಟೆಸ್‌ನ ಪೂರ್ಣ ಚಿತ್ರಗಳು 200 ಸೆಕೆಂಡಿಗೊಂದರಂತೆ ಬರುತ್ತಿವೆ. ಅದೇ ಯಮಳದ ಗ್ರಹಣಗಳು ಆಕೆ ಕೊಟ್ಟ ಸಮಯಕ್ಕೆ ಸರಿಯಾಗಿ ಆಗುತ್ತಿವೆಯೇ, ಅಥವಾ ಕಾಣದ ಮೂರನೆಯ ನಕ್ಷತ್ರವೊಂದರ ಸೆಳೆತದಿಂದ ನಿಮಿಷಗಳ ಲೆಕ್ಕದಲ್ಲಿ ಹಿಂದೆಮುಂದೆ ಆಗುತ್ತಿವೆಯೇ ಎಂಬುದನ್ನು ಹೊಸ ಚಿತ್ರಗಳಿಂದ ಅಳೆಯುವ ಕೆಲಸವನ್ನು ಈಗ ಇನ್ನೊಬ್ಬ ವಿದ್ಯಾರ್ಥಿ ಕೈಗೆತ್ತಿಕೊಂಡಿದ್ದಾನೆ. ಹಳೆಯ ಕತ್ತರಿಕೆಗಳ ಕಡತಗಳನ್ನೂ ಪ್ರಾಜೆಕ್ಟ್ ಪುಸ್ತಕವನ್ನೂ ಆಕೆ ಅವನಿಗೆ ಕೊಟ್ಟಿದ್ದಾಳೆ.